ನಮ್ಮ ಮಾವನವರ ಒಂದೇ ಕಿಸೆಯ ಆಟ

ನಮ್ಮ ಮಾವನವರು ಒಂದು ಆಟದಲ್ಲಿ ಇಡೀ ನವಲಗುಂದ ತಾಲೂಕಿಗೇ ಮೊದಲನೆಯವರು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಯಾಕೆಂದರೆ ಎರಡನೆಯವರು ಇರಲೇ ಇಲ್ಲ! ಆ ಆಟವನ್ನು ಆಡುವುದಿರಲಿ, ಅದರ ಹೆಸರು ಕೇಳಿದವರೂ ಆ ಸೀಮೆಯಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಎರಡು ವರ್ಷ ಮಾವನವರೂ ಅದನ್ನು ಆಡಿರಲಿಲ್ಲ. ಬರೀ ಓದಿದ್ದರು. ಅದನ್ನೂ ಅವರು ಓದಿದ್ದಲ್ಲ, ಓದಿದವಳು ನಾನು. ಅವರು ಕೇಳಿದ್ದರು, ಅಷ್ಟೇ. ಕೇಳಿಯೇ ಪಂಡಿತರಾದವರು ನಮ್ಮ ಮಾವನವರು!

ಬಿಲಿಯರ್ಡ್ಸ್ ಆಟ ನಿಮಗೆ ಗೊತ್ತಿರಬಹುದು. ದೊಡ್ಡ ಮೇಜು, ಅದರ ಮೇಲೆ ಬಿಗಿದ ಹಸಿರು ಬಟ್ಟೆ, ಬಣ್ಣದ ಗುಂಡುಗಳು, ಉದ್ದನೆಯ ಕೋಲು, ಮೇಜಿನ ಅಂಚಿನಲ್ಲಿ ಗುಂಡು ಬೀಳಲಿಕ್ಕೆ ಆರು ಕಿಸೆಗಳು. ದೊಡ್ಡ ಊರಿನ ಕ್ಲಬ್ಬುಗಳಲ್ಲಿ ಸಾಹೇಬರು ಷರ್ಟಿನ ತೋಳು ಮಡಿಚಿಕೊಂಡು ಆಡುವ ಆಟ ಅದು. ನಮ್ಮ ಮಾವನವರಾದರೋ ಧೋತರ, ರುಮಾಲಿನವರು. ಎರೆಹೊಲದಲ್ಲಿ ಹತ್ತಿ, ಜೋಳ ಬೆಳೆಯುವ ಮನುಷ್ಯ. ಇವರಿಗೂ ಆ ಆಟಕ್ಕೂ ಗಂಟು ಹಾಕಿದ್ದು ಯಾರು ಅಂತೀರಿ? ಮೆಣಸಿನಕಾಯಿ ಬಜಿ!

ಎಪ್ಪತ್ತರ ದಶಕದ ಮಾತು. ನಾನು ಧಾರವಾಡದಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಮಾವನವರು ಹುಬ್ಬಳ್ಳಿಗೆ ಹೋಗಿ ಹೊಸ ಚಸ್ಮಾ ಹಾಕಿಸಿಕೊಂಡರು. ಹೊಸ ಚಸ್ಮಾ ಹಾಕಿಕೊಂಡ ದಿನ ಮನುಷ್ಯ ಸಿಕ್ಕಿದ್ದನ್ನೆಲ್ಲಾ ನೋಡುತ್ತಾನೆ. ಬಸ್ಸಿಗೆ ಕಾಯುತ್ತಾ ಬಜಿ ತಿಂದವರು, ಬಜಿ ಕಟ್ಟಿಕೊಟ್ಟ ಕಾಗದವನ್ನೂ ನೋಡಿದರು. ಅದರ ಮೇಲೆ ಒಂದು ಉದ್ದನೆಯ ಚೌಕ. ಚೌಕದೊಳಗೆ ಸಣ್ಣ ಸಣ್ಣ ಸೊನ್ನೆ. ಸೊನ್ನೆಯಿಂದ ಸೊನ್ನೆಗೆ ಚುಕ್ಕಿ ಚುಕ್ಕಿ ಗೆರೆ, ಗೆರೆಯ ತುದಿಗೆ ಬಾಣ.

"ಇದರ ಉಳದ ಹಾಳಿ ಎಲ್ಲಿ ಅದಾವಪಾ?" ಎಂದು ಬಜಿಯವನನ್ನು ಕೇಳಿದರಂತೆ.

"ಎಣ್ಣಿ ಹತ್ತಿದ ಕಾಗದಾನೂ ಓದತಾರೇನ್ರಿ ಯಜಮಾನ್ರ? ಇನ್ನ ನಾಲ್ಕ ಪ್ಲೇಟ್ ತಿನ್ರಿ, ಎಲ್ಲಾ ಹಾಳಿ ನಿಮಗ ಬರತಾವ."

ಮಾವನವರು ನಿಜವಾಗಿಯೂ ನಾಲ್ಕು ಪ್ಲೇಟು ತಿಂದರು! ಬಜಿಯವನು ಬೆರಗಾಗಿ, ಉಳಿದ ಪುಸ್ತಕವನ್ನೇ ಎತ್ತಿ ಕೊಟ್ಟುಬಿಟ್ಟ. ಮಾವನವರ ಹೊಟ್ಟೆ ಸರಿಹೋಗಲಿಕ್ಕೆ ಎರಡು ದಿನ ಹಿಡಿಯಿತು. ಆ ಪುಸ್ತಕ ತಲೆಗೆ ಹತ್ತಿದ್ದು ಮಾತ್ರ ಇಳಿಯಲೇ ಇಲ್ಲ.

ಅದು ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕ. ಹೆಸರೇನು, ಬರೆದವರು ಯಾರು? ಯಾರಿಗೆ ಗೊತ್ತು! ಮುಖಪುಟದ ಸಮೇತ ಮೊದಲನೆಯ ಅಧ್ಯಾಯ ಪೂರ್ತಿ ಬಜಿಯ ಜೊತೆಗೆ ಹುಬ್ಬಳ್ಳಿಯ ಜನರ ಕೈ ಸೇರಿತ್ತು. ಆಟದ ನಿಯಮಗಳೆಲ್ಲಾ ಇದ್ದದ್ದು ಅದೇ ಅಧ್ಯಾಯದಲ್ಲಿ. ನಮ್ಮ ಪಾಲಿಗೆ ಉಳಿದದ್ದು ಎರಡನೆಯ ಅಧ್ಯಾಯದಿಂದ ಮುಂದಿನ ಯುಕ್ತಿಗಳು. ಎಂದರೆ, ಯಾವಾಗ ಹೊಡೆಯಬೇಕು, ಯಾವಾಗ ಹೊಡೆಯಬಾರದು, ಎದುರಿನವನನ್ನು ಹೇಗೆ ಸಿಕ್ಕಿಸಬೇಕು ಎಲ್ಲಾ ಗೊತ್ತು. ಗೆಲ್ಲುವುದು ಹೇಗೆ ಎನ್ನುವುದೊಂದು ಗೊತ್ತಿಲ್ಲ!

ಮಧ್ಯಾಹ್ನದ ಊಟವಾದ ಮೇಲೆ ಪಾಠ. ಮಾವನವರು ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಗೋಡೆಗೆ ಆನಿಕೊಂಡು ಕೂಡುವರು. ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಚೌಕಟ್ಟಿನ ಪಕ್ಕ. ಅತ್ತೆಯವರು ಒಳಗಿನಿಂದಲೇ, "ಸೊಸಿ ಹಿಟ್ಟ ಸೋಸಬೇಕೋ, ಗುಂಡ ಓದಬೇಕೋ?" ಎಂದು ಕೂಗುವರು. "ಹಿಟ್ಟ ಯಾರರ ಸೋಸತಾರ, ಇಂಗ್ಲಿಷ್ ಯಾರ ಓದತಾರ?" ಎಂದು ಮಾವನವರು ಕೂಗುವರು. ನನಗಂತೂ ಒಳಗೊಳಗೇ ಖುಷಿ. ಪಿಯುಸಿ ಓದಿದ್ದು ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಓದುತ್ತಾ ಓದುತ್ತಾ ಇಷ್ಟು ತಿಳಿಯಿತು. ಇಬ್ಬರು ಆಡುವ ಆಟ. ಹದಿನೈದು ಗುಂಡು, ಅವುಗಳನ್ನು ಹೊಡೆಯಲಿಕ್ಕೆ ಒಂದು ಬಿಳಿ ಗುಂಡು. ಮೇಜಿಗೆ ಆರು ಕಿಸೆ ಇದ್ದರೂ ಒಬ್ಬೊಬ್ಬನಿಗೆ ಒಂದೊಂದೇ. ಆ ಕಡೆಯ ಎರಡು ಮೂಲೆಗಳಲ್ಲಿ ಎಡಗಡೆಯದು ನಿನಗೆ, ಬಲಗಡೆಯದು ಅವನಿಗೆ. ಉಳಿದ ನಾಲ್ಕರಲ್ಲಿ ಗುಂಡು ಬಿದ್ದರೆ ಯಾರಿಗೂ ಲೆಕ್ಕಕ್ಕಿಲ್ಲ, ತೆಗೆದು ಮತ್ತೆ ಮೇಜಿಗೆ ಇಡಬೇಕು. ಆದರೆ ಎಷ್ಟು ಬಿದ್ದರೆ ಗೆದ್ದ ಹಾಗೆ? ಅದಕ್ಕೇ ಎಂಟು ತಿಂಗಳು ಹಿಡಿಯಿತು. ಒಂದು ದಿನ ಎಲ್ಲೋ ಮೂಲೆಯ ಸಾಲಿನಲ್ಲಿ, ಏಳು ಬಿದ್ದು ಎಂಟನೆಯದೊಂದೇ ಉಳಿದಾಗ ಕೈ ತಡೆಯಬೇಕು ಎಂದಿತ್ತು. ಮಾವನವರು ಜಿಗಿದು ಎದ್ದವರೇ ಪೇಟೆಗೆ ಹೋಗಿ ಪೇಡೆ ತಂದು ಓಣಿಯಲ್ಲೆಲ್ಲಾ ಹಂಚಿದರು.

"ಏನ ವಿಶೇಷರಿ?" ಎಂದು ಜನ ಕೇಳಿದರು.

"ಎಂಟು!" ಎಂದರು ಮಾವನವರು.

ಏನು ಎಂಟು ಎಂದು ಓಣಿಯವರಿಗೆ ಇವತ್ತಿಗೂ ತಿಳಿದಿಲ್ಲ. ಪೇಡೆ ಮಾತ್ರ ತಿಂದರು.

ಇಂಗ್ಲಿಷನ್ನು ಕನ್ನಡಕ್ಕೆ ತರುವ ನನ್ನ ಪಾಡನ್ನು ಯಾರ ಹತ್ತಿರ ಹೇಳಿಕೊಳ್ಳಲಿ! ಒಂದು ಗುಂಡು ಇನ್ನೊಂದಕ್ಕೆ ಮೆಲ್ಲಗೆ ತಾಗಿ ದಾರಿ ಬದಲಿಸಿದರೆ ಅದಕ್ಕೆ ಆ ಪುಸ್ತಕದವನು 'ಕಿಸ್' ಅಂತ ಬರೆದಿದ್ದ! ಸೆರಗು ಹೊದ್ದು ಕೂತ ಸೊಸೆ ಮಾವನ ಎದುರಿಗೆ ಇದನ್ನು ಹೇಗೆ ಹೇಳಬೇಕು? ನನ್ನ ನಾಲಗೆ ನಿಂತೇಹೋಯಿತು.

"ಯಾಕ ನಿಂತಿ ಯವ್ವಾ?"

"ಅದು... ಗುಂಡು ಗುಂಡು ಒಂದಕ್ಕೊಂದು ಮುಟ್ಟತಾವಂತ್ರಿ."

"ಮುಟ್ಟೂದಕ್ಕ ಟಚ್ ಅಂತಾರಲ್ಲ? ಹೋದ ವಾರ ನೀನ ಹೇಳಿದ್ದಿ."

"ಇದು ಸ್ವಲ್ಪ... ಪ್ರೀತಿಲೇ ಮುಟ್ಟೂದ್ರಿ."

ಒಳಗೆ ಅತ್ತೆಯವರ ಕೈಯಿಂದ ಹಿಟ್ಟು ನಾದುವ ಪರಾತ ಬಿದ್ದ ಸಪ್ಪಳ ಕೇಳಿತು. ಮಾವನವರು ಮಾತ್ರ ಗಂಭೀರವಾಗಿ ವಿಚಾರ ಮಾಡಿ, "ಹಂಗಾರ ಮಮತಿ ಅಂತ ಬರ್ಕೋ," ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಗುಂಡುಗಳು ಒಂದಕ್ಕೊಂದು ಮಮತೆ ಮಾಡತೊಡಗಿದವು.

ಇನ್ನೊಂದು ಕಡೆ, ಬಿಳಿ ಗುಂಡಿನ ಎಡಗಡೆಗೆ ಸ್ವಲ್ಪ 'ಇಂಗ್ಲಿಷ್' ಹಚ್ಚಬೇಕು ಎಂದು ಬರೆದಿತ್ತು. ಇದೇನು ಇಂಗ್ಲಿಷ್ ಹಚ್ಚುವುದು? ಎಣ್ಣೆಯೇ, ಅರಿಷಿಣವೇ? ನಾಲ್ಕು ದಿನ ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಗುಂಡನ್ನು ನಡುವೆ ಹೊಡೆಯದೆ ಬಾಜುಕ್ಕೆ ಹೊಡೆದು ಬುಗುರಿಯ ಹಾಗೆ ತಿರುಗಿಸುವುದಕ್ಕೆ ಅಮೆರಿಕದವರು ಹಾಗೆನ್ನುತ್ತಾರೆ ಎಂದು ಚಿತ್ರ ನೋಡಿ ಆಮೇಲೆ ಗೊತ್ತಾಯಿತು. ಅಷ್ಟರೊಳಗೆ ಮಾವನವರು ತಮ್ಮದೇ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. "ನೋಡಿದೇನ? ಇಂಗ್ಲಿಷ್ ಬರಲಾರದವ ಈ ಆಟ ಆಡಾಕ ಬರಂಗಿಲ್ಲ. ಅದಕ್ಕ ದೇವರು ನಿನ್ನ ಈ ಮನಿಗೆ ಕಳಿಸ್ಯಾನ."

ಆ ಪುಸ್ತಕದ ಒಟ್ಟು ಸಾರ ಒಂದೇ. ನಿನ್ನ ಕಿಸೆ ತುಂಬುವ ಅವಸರ ಮಾಡಬೇಡ, ಮೊದಲು ಎದುರಿನವನಿಗೆ ಹೊಡೆಯಲಿಕ್ಕೆ ಏನೂ ಉಳಿಸಬೇಡ. ಬಿಳಿ ಗುಂಡನ್ನು ಬೇರೆ ಗುಂಡುಗಳ ಹಿಂದೆ ಬಚ್ಚಿಡು. ಕಾಯಿ. ಅವನು ಬೇಸತ್ತು ತಪ್ಪು ಮಾಡುವತನಕ ಕಾಯಿ. ಮಾವನವರಿಗೆ ಇದು ಎಷ್ಟು ಹಿಡಿಸಿತೆಂದರೆ ಊಟ, ವ್ಯವಹಾರ, ಹೊಲಮನೆ ಎಲ್ಲದಕ್ಕೂ ಇದನ್ನೇ ಹಚ್ಚಿದರು.

ಅಣ್ಣಿಗೇರಿ ಸಂತೆಗೆ ಎಮ್ಮೆ ತರಲಿಕ್ಕೆ ಹೋದರು. ಮೊದಲು ರೇಟು ಹೇಳಿದವನು ಸೋತ ಎನ್ನುವ ಲೆಕ್ಕದಲ್ಲಿ ತುಟಿ ಹೊಲಿದುಕೊಂಡು ಎಮ್ಮೆಯ ಎದುರಿಗೆ ಕೂತರು. ಎಮ್ಮೆಯವನೂ ಹಳೇ ಹುಲಿ. ಅವನೂ ತುಟಿ ಬಿಚ್ಚಲಿಲ್ಲ. ಮುಂಜಾನೆ ಕೂತವರು ಮಧ್ಯಾಹ್ನ ದಾಟಿದರೂ ಕೂತೇ ಇದ್ದಾರೆ. ಇಬ್ಬರೂ ಒಂದೇ ಬೇವಿನ ಗಿಡದ ನೆರಳಿನಲ್ಲಿ, ನೆರಳು ಸರಿದಂತೆ ತಾವೂ ಸರಿಯುತ್ತಾ! ಕಡೆಗೆ ಸಂತೆಯೇ ಮುಗಿಯಿತು. ಮಾವನವರು ಬರಿಗೈಯಲ್ಲಿ ಬಂದು, "ಸೋತಿಲ್ಲ," ಎಂದರು.

"ಹಾಲೂ ಇಲ್ಲ," ಎಂದರು ಅತ್ತೆಯವರು.

ಓದಿದ್ದನ್ನು ಕೈಗೆ ಹತ್ತಿಸಿಕೊಳ್ಳಬೇಕಲ್ಲ? ಜಮಖಾನೆಯ ಮೇಲೆ ಹದಿನೈದು ನಿಂಬೆಹಣ್ಣು ಹರವಿ ಬಡಿಗೆಯಿಂದ ತಳ್ಳಿ ನೋಡಿದರು. ನಮ್ಮೂರ ಜಮಖಾನೆಯ ನೇಯ್ಗೆ ಗಟ್ಟಿ, ಅದರ ನವಿಲಿನ ಚಿತ್ರ ದಾಟುವಾಗ ನಿಂಬೆಹಣ್ಣು ಮುಗ್ಗರಿಸುತ್ತಿತ್ತು. ಅದೂ ಹೆಚ್ಚು ದಿನ ನಡೆಯಲಿಲ್ಲ. ಮಾವನವರು ಹೊಲಕ್ಕೆ ಹೋದಾಗ ಹದಿನೈದರಲ್ಲಿ ಒಂಬತ್ತು ಗುಂಡು ಅತ್ತೆಯವರ ಕೈಯಲ್ಲಿ ಉಪ್ಪಿನಕಾಯಾದವು.

ಆಗ ಮಾವನವರು ಮೇಜು ಮಾಡಿಸಿಯೇ ತೀರಬೇಕೆಂದು ಹೊರಟರು. ಒಳ್ಳೆಯ ಕಟ್ಟಿಗೆ ಕೆಲಸ ಎಲ್ಲಿ? ಕಲಘಟಗಿಯಲ್ಲಿ. ಅಲ್ಲಿಯ ಬಡಿಗೇರ ಎಂಥವನು? ತೊಟ್ಟಿಲು ಮಾಡುವವನು. ಅಲ್ಲಿ ನಡೆದ ಮಾತುಕತೆಯನ್ನು ಮಾವನವರೇ ಬಂದು ನಮಗೆ ಹೇಳಿದರು.

"ನಾಲ್ಕ ಕಾಲು, ಸುತ್ತಲೂ ಕಟ್ಟು. ಹಂಗಾರ ತೊಟ್ಟಿಲಾನ ಅಲ್ರಿ ಯಜಮಾನ್ರ?" ಎಂದನಂತೆ ಬಡಿಗೇರ.

"ತೊಟ್ಟಿಲಲ್ಲಪಾ. ಏಳು ಫೂಟ್ ಉದ್ದ, ಮೂರುವರಿ ಫೂಟ್ ಅಗಲ. ಆರು ಕಡೆ ತೂತು."

"ತೂತ್ಯಾಕ್ರಿ? ಕೂಸು ಬಿದ್ದೀತು!"

"ಬೀಳಲಿ ಅಂತನ ತೂತು!"

ಬಡಿಗೇರ ಮಾವನವರ ಮುಖವನ್ನೇ ನೋಡುತ್ತಾ ನಿಂತನಂತೆ. ಗುಂಡಿನ ವಿಷಯ ತಿಳಿಸಿ ಹೇಳಿದ ಮೇಲೆ ಒಪ್ಪಿಕೊಂಡ. ಒಪ್ಪಿಕೊಂಡರೂ ಅವನ ಕೈ ಕೇಳಬೇಕಲ್ಲ? ಮೇಜಿನ ನಾಲ್ಕೂ ಕಾಲಿಗೆ ಅರಗಿನ ಬಣ್ಣ ಹಚ್ಚಿ, ಬದಿಯ ಹಲಗೆಗೆ ಗಿಳಿ, ಹೂವು, ಬಳ್ಳಿ ಬರೆದ. ಎರಡು ಕೋಲಿನ ಜೊತೆಗೆ ಹದಿನೈದು ಕೆಂಪು ಗುಂಡು, ಒಂದು ಬಿಳಿ ಗುಂಡು ಕಡೆದುಕೊಟ್ಟ. ಗುಂಡುಗಳು ಗುಂಡಗೆ ಇದ್ದವು, ಪೂರ್ತಿ ಗುಂಡಗಲ್ಲ. ಮನುಷ್ಯರ ಹಾಗೆ ಒಂದೊಂದಕ್ಕೆ ಒಂದೊಂದು ಸ್ವಭಾವ!

ಮೇಜು ಹತ್ತಿಯ ಲಾರಿಯಲ್ಲಿ ಊರಿಗೆ ಬಂತು. ಗೋಣಿತಟ್ಟು ಸುತ್ತಿದ್ದರೂ ಕೆಳಗೆ ಬಣ್ಣದ ಕಾಲು ಕಾಣುತ್ತಿದ್ದವು. ಜೊತೆಗೆ ಬುಟ್ಟಿಯಲ್ಲಿ ಕೆಂಪು ಗುಂಡು. ಕಲಘಟಗಿಯಿಂದ ಬಣ್ಣದ ಕಟ್ಟಿಗೆ ಸಾಮಾನು ಬಂದರೆ ಜನ ಏನು ತಿಳಿಯಬೇಕು ಹೇಳಿ? ಸಂಜೆಯೊಳಗೆ ಓಣಿಯ ಹೆಂಗಸರು ಕುಪ್ಪಸದ ಖಣ, ತೆಂಗಿನಕಾಯಿ, ಅರಿಷಿಣ ಕುಂಕುಮ ಹಿಡಿದುಕೊಂಡು ಪಡಸಾಲೆಗೆ ಬಂದುಬಿಟ್ಟರು. ಒಬ್ಬಾಕೆ ನನ್ನ ಗದ್ದ ಹಿಡಿದು, "ಎಷ್ಟ ಆತವ್ವಾ?" ಎಂದು ಕೇಳಿದಳು.

ಹೊರಗೆ ಮೇಜು ಇಳಿಸುತ್ತಿದ್ದ ಮಾವನವರು ಅಲ್ಲಿಂದಲೇ ಕೂಗಿದರು. "ಎರಡು ವರ್ಷ!"

ಹೆಂಗಸರು ಗಾಬರಿಯಾದರು. ಮಾವನವರು ಪುಸ್ತಕ ಓದಲು ಹಿಡಿದು ಎರಡು ವರ್ಷವಾಯಿತು ಎಂದು ತಿಳಿದಮೇಲೆ ನಕ್ಕದ್ದೇ ನಕ್ಕದ್ದು. ನಾನೂ ನಕ್ಕೆ. ನಕ್ಕು, ಹಿತ್ತಲಕ್ಕೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಆ ಕಾಯಿ, ಖಣ ಎಲ್ಲಾ ಬಂದ ದಾರಿ ಹಿಡಿದು ವಾಪಸು ಹೋದವು. ನಾನು ಹೊರಗೆ ಬಂದಾಗ ಕಣ್ಣು ಕೆಂಪಗಿದ್ದದ್ದನ್ನು ಮಾವನವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಅವತ್ತು ಪಾಠ ಬೇಡ ಅಂದರು. ಆಮೇಲೆ ಮಕ್ಕಳಾದವೋ ಇಲ್ಲವೋ ಎಂದು ನೀವು ಕೇಳಬೇಡಿ. ಕೇಳುವವರು ಆಗಲೇ ಬೇಕಾದಷ್ಟು ಜನ ಇದ್ದರು.

ಅವರಲ್ಲಿ ಮುಖ್ಯರು ಅತ್ತೆಯವರ ಅಣ್ಣ. ಯರಗುಪ್ಪಿಯ ಹಿರಿಯರು. ಮಾತು ಒರಟು, ಗುರಿ ಖಡಕ್. ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಕವಣೆ ಬೀಸಿದರೆ ಯಾವ ತೆನೆಯ ಮೇಲೆ ಗುಬ್ಬಿ ಕೂತಿದೆಯೋ ಆ ತೆನೆಗೇ ಕಲ್ಲು! ತೊಟ್ಟಿಲ ಸುದ್ದಿ ಅವರ ಊರಿಗೂ ಮುಟ್ಟಿತ್ತು. ನಾಲ್ಕನೇ ದಿನ ಬಾಣಂತಿಗೆ ಕೊಡುವ ಅಂಟಿನ ಉಂಡೆಯ ಡಬ್ಬಿ ಹೊತ್ತುಕೊಂಡು ಬಂದಿಳಿದರು. ಪಡಸಾಲೆಯಲ್ಲಿ ಕರಿಯ ಕಂಬಳಿ ಬಿಗಿದು, ಅಂಚಿಗೆ ಸೈಕಲ್ ಟ್ಯೂಬು ಹೊಡೆದು, ಖಣದ ಅರಿವೆಯ ಕಿಸೆ ಹೊಲಿದ ಮೇಜು ನಿಂತಿತ್ತು. ಅದನ್ನು ಸುತ್ತುಹಾಕಿ ನೋಡಿದರು. ಕೂಸೂ ಇಲ್ಲ, ತೊಟ್ಟಿಲೂ ಇಲ್ಲ ಎಂದು ತಿಳಿಯಿತು. ತಂದದ್ದು ಹಾಳಾಗಬಾರದೆಂದು ತಾವೇ ಎರಡು ಉಂಡೆ ತಿಂದು ಗಂಟಲು ಸರಿಮಾಡಿಕೊಂಡರು.

"ನಮ್ಮ ಕಡೆ ಒಂದು ಹುಡಿಗಿ ಐತಿ. ಮನೆತನ ಚಲೋ. ಈಕಿನ್ನ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಈಕಿನೂ ಇರಲಿ, ಅಕಿನೂ ಇರಲಿ."

"ಕಾಯ್ದೆ ಐತೆಲ್ರಿ ಭಾವಾರ," ಎಂದರು ಮಾವನವರು.

"ಕಾಯ್ದೆ ಏನ ನಿಮ್ಮ ಹೊಲಾ ನೋಡಾಕ ಮೊಮ್ಮಗನ್ನ ಕೊಡತೈತೇನ್ರಿ?"

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅತ್ತೆಯವರು ಒಲೆಯ ಮುಂದೆ ಕೂತು ಅಣ್ಣನಿಗೆ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ನಮ್ಮವರು ಶಾಲೆಯ ಮಾಸ್ತರರು, ಎಲ್ಲರ ಮಾತಿಗೂ ತಲೆ ಆಡಿಸುವ ಮನುಷ್ಯ. ಇನ್ನೊಂದು ಮದುವೆ ಬೇಡ ಎಂದು ಅವತ್ತು ಮೂರು ಸಲ ಹೇಳಿದರು. ಮೂರೂ ಸಲ ನನಗೇ ಹೇಳಿದರು, ತಮ್ಮ ಸೋದರಮಾವನ ಎದುರಿಗೆ ಒಂದು ಸಲವೂ ಇಲ್ಲ!

ಮಾವನವರು ಬಹಳ ಹೊತ್ತು ಚಸ್ಮಾ ಒರೆಸಿಕೊಂಡರು. ಆಮೇಲೆ, "ಭಾವಾರ, ನಿಮ್ಮ ಕವಣಿ ಗುರಿ ಈಗೂ ಹಂಗ ಐತೇನ್ರಿ?" ಎಂದರು.

"ಯಾಕ ಇರಂಗಿಲ್ಲ?"

"ಹಂಗಾರ ಒಂದು ಆಟ ಆಡೂಣು. ನೀವು ಗೆದ್ರ ಹುಡಿಗಿನ್ನ ನೋಡಾಕ ಹೋಗೂಣು. ನಾ ಗೆದ್ರ ಈ ಮಾತು ಈ ಮನ್ಯಾಗ ಮತ್ತ ತಗೀಬಾರದು."

ನನಗೆ ಮೈಯೆಲ್ಲಾ ಉರಿಯಿತು. ನನ್ನ ಬಾಳುವೆ ಏನು ಪೇಡೆಯೇ, ಆಟಕ್ಕೆ ಇಡಲಿಕ್ಕೆ? ಅದೂ ಯಾರು ಆಡುವವರು? ಎರಡು ವರ್ಷ ಓದಿ, ನಾಲ್ಕು ದಿನ ಕೋಲು ಹಿಡಿದ ಮನುಷ್ಯ. ಆ ನಾಲ್ಕು ದಿನದಲ್ಲಿ ಬಿಳಿ ಗುಂಡಿಗೆ ತಾಗಿದ್ದಕ್ಕಿಂತ ಕಂಬಳಿಗೆ ತಾಗಿದ್ದೇ ಹೆಚ್ಚು! ಅವತ್ತು ನಾನು ಮಾವನವರಿಗೆ ನೀರು ಕೊಡಲಿಕ್ಕೂ ಹೊರಗೆ ಬರಲಿಲ್ಲ.

ಆಟ ಶುರುವಾಯಿತು. ಕೋಲಿನ ತುದಿಗೆ ಸುಣ್ಣದಂಥ ಪುಡಿ ಹಚ್ಚಬೇಕು ಎಂದು ಪುಸ್ತಕದಲ್ಲಿತ್ತು. ಮಾವನವರು ದೇವರ ಜಗುಲಿಯಿಂದ ವಿಭೂತಿ ತಂದು ಹಚ್ಚಿದರು. "ಶಿವನ, ಕೋಲಿಗೂ ದೀಕ್ಷಾ ಆತೇನ್ರಿ?" ಎಂದು ಅತ್ತೆಯವರು ಒಳಗಿನಿಂದ ಅಂದರು. ಯರಗುಪ್ಪಿಯವರಿಗೆ ಆಟ ತಿಳಿಯಲಿಕ್ಕೆ ಒಂದು ಗಳಿಗೆ ಸಾಕಾಯಿತು. ಕಣ್ಣು ಕಿರಿದು ಮಾಡಿ ಹೊಡೆದರೆಂದರೆ ಗುಂಡು ನೇರ ಅವರ ಕಿಸೆಗೆ! ಮಾವನವರದು ಒಂದು ಸಲ ಗಾಳಿಗೆ ಹೊಡೆತ, ಒಂದು ಸಲ ಗುಂಡು ಜಿಗಿದು ಚಹಾದ ಬಟ್ಟಲಿಗೆ. ದೀಪ ಹಚ್ಚುವ ಹೊತ್ತಿಗೆ ಆಟ ನಿಲ್ಲಿಸಿದಾಗ ಅವರಿಗೆ ಏಳು, ಇವರಿಗೆ ಸೊನ್ನೆ. ಇನ್ನೊಂದೇ ಒಂದು ಗುಂಡು. ನಾನು ಅವತ್ತಿನಿಂದ ಉಣ್ಣುವುದನ್ನೇ ಬಿಟ್ಟೆ.

ಎರಡನೆಯ ದಿನ ಮುಂಜಾನೆ ಮಾವನವರು ಅಡಿಗೆಮನೆಯ ಬಾಗಿಲಿಗೆ ಬಂದರು. "ಯವ್ವಾ, ಆರನೇ ಪಾಠ ಒಂಚೂರು ಓದಿ ಹೇಳತೀಯೇನ?"

ನಾನು ಮುಖ ಎತ್ತದೆ ಒಲೆಗೆ ಕಟ್ಟಿಗೆ ನೂಕಿದೆ.

"ಎದುರಿನವಂದು ಒಂದೇ ಗುಂಡು ಉಳದಾಗ ಏನ ಮಾಡಬೇಕು ಅನ್ನೂದು ಅದರಾಗ ಐತಿ," ಎಂದರು. ಅಷ್ಟು ಹೇಳಿ ತಲೆ ತಗ್ಗಿಸಿ ಹೋದರು.

ಸಿಟ್ಟು ಒಂದು ಕಡೆ, ಏಳು ಗುಂಡು ಒಂದು ಕಡೆ. ಸಿಟ್ಟು ಮಾಡಿಕೊಂಡು ಕೂತರೆ ಎಂಟನೆಯದು ಬೀಳುವುದು ಯಾರ ತಲೆಯ ಮೇಲೆ? ಪುಸ್ತಕ ತೆಗೆದುಕೊಂಡು ಬಾಗಿಲ ಮರೆಯಲ್ಲಿ ಕೂತೆ. ಸಂದಿಯಿಂದ ಮೇಜು ಕಾಣುತ್ತಿತ್ತು. ಮಾವನವರು ಕೋಲು ಹಿಡಿದು ನಿಂತಾಗ ನಾನು ಮೆಲ್ಲಗೆ, "ಎಡಕ್ಕ ಇಂಗ್ಲಿಷ್ ಹಚ್ರಿ. ಎರಡೂ ಮಮತಿ ಮಾಡಿ ಗ್ವಾಡಿ ಕಡೆ ಹೋಗಲಿ," ಎಂದೆ.

ಯರಗುಪ್ಪಿಯವರು ತಿರುಗಿ ನೋಡಿದರು. "ಏನ ಮಂತ್ರಾ ಹಾಕಾಕತ್ತಾಳ ಅಕಿ?"

"ಬೆಳಿಗ್ಗಿ ಪಾರಾಯಣರಿ," ಎಂದರು ಮಾವನವರು.

ಆರನೇ ಪಾಠದ ಪ್ರಕಾರ ಈಗ ಗುಂಡು ಬೀಳಿಸುವ ಕೆಲಸವೇ ಇಲ್ಲ. ಯರಗುಪ್ಪಿಯವರ ಕಿಸೆಯ ಹತ್ತಿರ ಒಂದು ಗುಂಡೂ ನಿಲ್ಲದ ಹಾಗೆ ಎಲ್ಲವನ್ನೂ ಒಂದೊಂದಾಗಿ ಆಚೆ ನೂಕುವುದು. ಬಿಳಿ ಗುಂಡನ್ನು ಮೂರು ಗುಂಡುಗಳ ಸಂದಿಯಲ್ಲಿ ಕೂಡಿಸಿಬಿಡುವುದು. ಮೆಲ್ಲಗೆ ನೂಕಲಿಕ್ಕೆ ಗುರಿ ಏನು ಬೇಕು? ಮಾವನವರಿಗೂ ಬರತೊಡಗಿತು! ಯರಗುಪ್ಪಿಯವರ ಕಣ್ಣು ಎಷ್ಟು ಚುರುಕಾದರೇನು, ಹೊಡೆಯಲಿಕ್ಕೆ ದಾರಿಯೇ ಇಲ್ಲ. ಸಿಟ್ಟಿನಿಂದ ಬೀಸಿ ಹೊಡೆಯುವರು. ಗುಂಡುಗಳು ಚೆದುರಿ ಮಾವನವರ ಕಿಸೆಯ ಬಾಯಿಗೆ ಬಂದು ನಿಲ್ಲುವವು. ಮಾವನವರು ಕೂಸಿಗೆ ತಟ್ಟಿದ ಹಾಗೆ ಅದನ್ನೊಂದು ತಟ್ಟುವರು. ಸಂಜೆಗೆ ಏಳು, ಮೂರು.

"ಇದು ಗಂಡಸರ ಆಟ ಅಲ್ರಿ," ಎಂದರು ಯರಗುಪ್ಪಿಯವರು ಬೆವರು ಒರೆಸಿಕೊಳ್ಳುತ್ತಾ. "ಹೊಡಿಯೂದ ಬಿಟ್ಟು ಮುಚ್ಚಿಡೂದ ಆತು!"

ಮೂರನೆಯ ದಿನ ಕಟ್ಟೆಯ ಮೇಲೆ ಅರ್ಧ ಓಣಿಯೇ ಕೂತಿತ್ತು. ಯಾಕೆ ಆಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಏಳು, ಐದು. ಆಗಲೇ ಯರಗುಪ್ಪಿಯವರ ಒಂದು ಹೊಡೆತಕ್ಕೆ ಕೆಂಪು ಗುಂಡೊಂದು ಉರುಳುತ್ತಾ ಹೋಗಿ ಅವರ ಕಿಸೆಯ ಬಾಯಿಯ ಅಂಚಿಗೆ ನಿಂತಿತು. ಬೀಳಲಿಲ್ಲ. ಊದಿದರೆ ಬೀಳುವ ಹಾಗೆ ನಿಂತಿತು. ಈಗ ಮಾವನವರ ಸರದಿ. ಅದನ್ನು ಬಾಜುಕ್ಕೆ ಸರಿಸದಿದ್ದರೆ ಮುಂದಿನ ಹೊಡೆತಕ್ಕೆ ಆಟ ಮುಗಿಯಿತು. ಸರಿಸಲು ಹೋಗಿ ತಪ್ಪಿ ಒಳಗೆ ಬಿತ್ತೋ, ಆಗಲೂ ಮುಗಿಯಿತು. ಯಾರು ಬೀಳಿಸಿದರೂ ಆ ಕಿಸೆ ಅವರದೇ. ನಾನು ಹಾಳೆ ತಿರುವಿ ತಿರುವಿ ನೋಡಿದೆ. ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿತ್ತು.

ಮಾವನವರು ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು. ಚಸ್ಮಾ ಒರೆಸಿಕೊಂಡು ಮತ್ತೆ ಬಗ್ಗಿದರು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ನನ್ನನ್ನು ದಾಟಿಕೊಂಡು ಹೊರಗೆ ಹೋದರು. ಅಣ್ಣನ ಎದುರಿಗೆ ಹಾಗೆ ಅವರು ಪಡಸಾಲೆಗೆ ಬಂದದ್ದನ್ನು ನಾನು ನೋಡಿರಲೇ ಇಲ್ಲ. ಗಂಡನ ಕೈಯಿಂದ ಕೋಲು ಇಸಿದುಕೊಂಡರು.

"ಸರೀರಿ ಬಾಜುಕ್ಕ."

"ಏ ತಂಗಿ, ನಿನಗೇನ ತಿಳಿತೈತಿ ಇದು?" ಎಂದರು ಯರಗುಪ್ಪಿಯವರು.

"ಮೂರು ದಿನ ಒಲಿ ಮುಂದ ಕುಂತು ಕೇಳೇನಿ. ಅದಕ್ಕೂ ಮೊದಲ ಎರಡು ವರ್ಷ ಕೇಳೇನಿ," ಎಂದರು ಅತ್ತೆಯವರು. ಬಗ್ಗಿದರು. ನಲವತ್ತು ವರ್ಷ ದಿನಾ ರೊಟ್ಟಿ ಬಡಿದ ಕೈ. ಕೋಲು ಅಲುಗಲಿಲ್ಲ. ಟಕ್ ಎಂದಿತು. ಬಿಳಿ ಗುಂಡು ಬದಿಯ ಟ್ಯೂಬಿಗೆ ಬಡಿದು ತಿರುಗಿ ಬಂದು ಕೆಂಪು ಗುಂಡಿನ ಪಕ್ಕೆಗೆ ತಾಗಿತು. ಕೆಂಪು ಗುಂಡು ಕಿಸೆಯ ಬಾಯಿ ಬಿಟ್ಟು ಉರುಳಿ ನಡುಮೇಜಿಗೆ ಬಂದು ನಿಂತಿತು.

ಅತ್ತೆಯವರು ಕೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು. "ಅಣ್ಣಾ, ಮೂರು ದಿನದಿಂದ ನನ್ನ ಸೊಸಿ ಅನ್ನದ ಅಗಳ ಮುಟ್ಟಿಲ್ಲ. ನಿನಗ ನಾ ಮೂರು ಹೊತ್ತು ಬಿಸಿ ರೊಟ್ಟಿ ಹಾಕೇನಿ. ನನಗ ನನ್ನ ಮ್ಯಾಲ ನಾಚಿಕಿ ಬಂದೈತಿ. ಮೊಮ್ಮಗಾ ಬೇಕು ನನಗ. ಇಂಥಾ ಮೊಮ್ಮಗಾ ಬ್ಯಾಡ."

ಯರಗುಪ್ಪಿಯವರು ತಂಗಿಯನ್ನು ನೋಡಿದರು, ಮೇಜನ್ನು ನೋಡಿದರು. ತಮ್ಮ ಕೋಲನ್ನೂ ಕೆಳಗಿಟ್ಟರು. "ತಂಗಿ ಎದುರಿಗೆ ಆಡಾಕ ಬಂದಾಂವ ಅಲ್ಲ ನಾ," ಎಂದು ರುಮಾಲು ಸುತ್ತಿಕೊಂಡರು. ಒರಟು ಮನುಷ್ಯ, ಕೆಟ್ಟ ಮನುಷ್ಯ ಅಲ್ಲ. ಹೊರಡುವಾಗ ಉಂಡೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ತಿನ್ನವಾ, ಗಟ್ಟಿ ಆಗು," ಎಂದರು. ಆ ಮಾತನ್ನು ಮತ್ತೆಂದೂ ತೆಗೆಯಲಿಲ್ಲ.

ಅವರನ್ನು ಬಸ್ಸಿಗೆ ಕಳಿಸಲಿಕ್ಕೆ ನಮ್ಮವರು ಹೋದರು. ಜನ ಚೆದುರಿದರು. ಅತ್ತೆಯವರು ನನ್ನನ್ನು ಎಳೆದು ಕೂಡಿಸಿ ಬಿಸಿ ರೊಟ್ಟಿ, ಬೆಣ್ಣೆ ಬಡಿಸಿದರು. ನಾನು ಹೊಟ್ಟೆ ತುಂಬ ಉಂಡೆ. ಉಂಡಮೇಲೆ ನೋಡಿದರೆ ಮಾವನವರು ಎಲ್ಲೂ ಇಲ್ಲ. ಒಂದು ತಂಬಿಗೆ ಮಜ್ಜಿಗೆ ಹಿಡಿದುಕೊಂಡು ಹುಡುಕುತ್ತಾ ಹೋದೆ. ಹಿತ್ತಲ ಕಡೆ, ಎತ್ತು ಕಟ್ಟುವ ಜಾಗದಲ್ಲಿ ಒಬ್ಬರೇ ಕೂತಿದ್ದರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಸೋತಿದ್ರ ಏನ ಮಾಡತಿದ್ರಿ ಮಾವಾರ?"

"ಹುಡಿಗಿನ್ನ ನೋಡಾಕ ಹೋಗತಿದ್ದೆ. ನೋಡಿ, ಬ್ಯಾಡ ಅಂದು, ಚಹಾ ಕುಡದು ಬರತಿದ್ದೆ. ನೋಡಾಕ ಹೋಗೂಣು ಅಂದಿದ್ದೆ. ಮನಿಗೆ ತರೂಣು ಅಂದಿದ್ನೇನ?"

ನನಗೆ ನಗು ಬಂತು. ಅಳುವೂ ಬಂತು. "ಮತ್ತ ಅವತ್ತ ಒಂದ ಮಾತಿನಾಗ ಬ್ಯಾಡ ಅನ್ನಬೇಕಿಲ್ಲೇನ್ರಿ? ಮೂರು ದಿನ ಯಾಕ ಆಡಿದ್ರಿ?"

"ನಾ ಬ್ಯಾಡ ಅಂದ್ರ ಅಂವ ಕೇಳತಿರಲಿಲ್ಲ. ಇವತ್ತಲ್ಲ ನಾಳೆ ಮತ್ತ ಬರತಿದ್ದ," ಎಂದರು ಮಾವನವರು. "ನಿಮ್ಮ ಅತ್ತಿ ಅನ್ನಬೇಕಿತ್ತು. ಅಕಿಗೆ ಯಾವಾಗಲೂ ಒಂದೆರಡು ದಿನ ತಡಾ ಆಗತೈತಿ."

ನಾನು ಮಜ್ಜಿಗೆಯ ತಂಬಿಗೆ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಎರಡೂ ಕೈ ಧೋತರದ ಮಡಿಕೆಯೊಳಗೆ ಇಟ್ಟುಕೊಂಡು ಕೂತೇ ಇದ್ದರು. "ಕುಡೀರಿ ಮಾವಾರ," ಎಂದು ಮತ್ತೊಮ್ಮೆ ಅಂದಮೇಲೆ ಕೈ ಹೊರಗೆ ತೆಗೆದರು. ಎರಡೂ ಕೈ ಗಡಗಡ ನಡುಗುತ್ತಿದ್ದವು. ತಂಬಿಗೆ ಹಿಡಿಯಲು ನೋಡಿದರು. ಮಜ್ಜಿಗೆ ತುಳುಕಿ ಅಂಗಿಯ ಮೇಲೆ ಬಿತ್ತು.

"ಮೂರು ದಿನದಿಂದ ಹಿಂಗ ಐತವ್ವಾ," ಎಂದರು ನನ್ನ ಮುಖ ನೋಡದೆ. "ಊಟಕ್ಕ ಕುಂತ್ರ ತುತ್ತು ಬಾಯಿಗೆ ಮುಟ್ಟವಲ್ದು. ನಿನಗ ಕಾಣಬಾರದಂತ ನಾನೂ ಉಂಡಿಲ್ಲ."

ಆ ಮನೆಗೆ ಬಂದು ನಾಲ್ಕು ವರ್ಷ ನಾನು ಅವರ ಎದುರಿಗೆ ಕೂತಿದ್ದು ಯಾವಾಗಲೂ ಬಾಗಿಲ ಆಚೆ. ಅವತ್ತು ಮೊದಲನೆಯ ಸಲ ಪಕ್ಕದಲ್ಲೇ ನೆಲದ ಮೇಲೆ ಕೂತೆ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಬಾಯಿಗೆ ಹಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡು, ಸಾವಕಾಶ, ತಳದ ಹನಿಯವರೆಗೂ ಕುಡಿದರು.